ನಾಯಿ, ಬೆಕ್ಕಿಗೆ ದೂರದ ವಿಮಾನ ಪ್ರಯಾಣ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೊಬ್ಬರು ಗಲ್ಫಿನಲ್ಲಿರುವುದು ಕಾಸರಗೋಡಿಗೆ ಹಳೇ ವಿಷಯ. ಈಗ ಹೋಗುವವರು ಹೆಂಡತಿ, ಮಕ್ಕಳ ಜೊತೆ ನಾಯಿಯನ್ನೂ ಕರೆದುಕೊಂಡು ಹೋಗಬೇಕು ಅನ್ನುತ್ತಾರೆ. ದುಬೈ ಆದರೆ ನಾಲ್ಕು ಗಂಟೆ ಒಳಗೆ ಮುಗಿಯಿತು. ಲಂಡನ್, ಅಮೆರಿಕ ಅಂದರೆ ಮನೆಯಿಂದ ಮನೆಗೆ ಒಂದು ಹಗಲು, ಒಂದು ರಾತ್ರಿ ದಾಟುತ್ತದೆ. ಎಲ್ಲರೂ ಮೊದಲು ಕೇಳುವುದು ಖರ್ಚು ಎಷ್ಟು ಅಂತ. ಅದಕ್ಕಿಂತ ಮೊದಲು ಗೂಡಿನ ಬಗ್ಗೆ ಯೋಚಿಸಿ. ಅಷ್ಟು ಹೊತ್ತು ನಾಯಿ ಇರುವುದು ಅದರೊಳಗೆ.

ನಾಯಿಯನ್ನು ವಿಮಾನದಲ್ಲಿ ಎಲ್ಲಿ ಇಡುತ್ತಾರೆ? ಅಲ್ಲಿ ಗಾಳಿ ಇರುತ್ತದಾ?

ಇರುತ್ತದೆ. ಪ್ರಾಣಿ ಒಯ್ಯುವ ವಿಮಾನಗಳಲ್ಲಿ ಕೆಳಗಿನ ಸರಕಿನ ಕೋಣೆಯ ಒಂದು ಭಾಗಕ್ಕೆ ಬಿಸಿ ಗಾಳಿಯ ವ್ಯವಸ್ಥೆ ಇರುತ್ತದೆ. ಗಾಳಿಯ ಒತ್ತಡ ಮೇಲೆ ನಾವು ಕೂತಿರುವಲ್ಲಿ ಎಷ್ಟೋ ಅಲ್ಲೂ ಅಷ್ಟೇ. ವಿಮಾನ ಎಷ್ಟೇ ಮೇಲೆ ಹಾರಿದರೂ ಒಳಗಿನ ಒತ್ತಡ ಸುಮಾರು 2400 ಮೀಟರ್ ಎತ್ತರದಲ್ಲಿ ಇರುವುದಕ್ಕಿಂತ ಕಡಿಮೆಯಾಗದ ಹಾಗೆ ನೋಡಿಕೊಳ್ಳುತ್ತಾರೆ. ಅಂದರೆ ಊಟಿಗಿಂತ ಸ್ವಲ್ಪ ಮೇಲೆ. ಕೆಳಗೆ ಪ್ರಾಣಿ ಇದೆ ಅಂತ ಕ್ಯಾಪ್ಟನ್‌ಗೆ ಬರಹದಲ್ಲೇ ತಿಳಿಸುತ್ತಾರೆ. ಡ್ರೈ ಐಸ್ ಇರುವ ಸರಕನ್ನು ಗೂಡಿನ ಪಕ್ಕ ಇಡುವುದಿಲ್ಲ, ಅದರಿಂದ ಇಂಗಾಲದ ಡೈಆಕ್ಸೈಡ್ ಬರುತ್ತದೆ.

ಎಲ್ಲ ವಿಮಾನದಲ್ಲೂ ಈ ಸೌಕರ್ಯ ಇಲ್ಲ. ಕೆಲವು ಸಣ್ಣ ವಿಮಾನಗಳ ಹೊಟ್ಟೆಯಲ್ಲಿ ಬಿಸಿ ಮಾಡುವ ವ್ಯವಸ್ಥೆಯೇ ಇರುವುದಿಲ್ಲ. ಹಾಗಾಗಿ ಬುಕಿಂಗ್ ಮಾಡುವಾಗ "ನಾಯಿ ಒಯ್ಯುತ್ತೀರಾ" ಅಂತ ಕೇಳಿದರೆ ಸಾಲದು. ಯಾವ ಮಾದರಿಯ ವಿಮಾನ, ಪ್ರಾಣಿಯನ್ನು ಯಾವ ಭಾಗದಲ್ಲಿ ಇಡುತ್ತೀರಿ ಅಂತಲೂ ಕೇಳಿ.

ಒಂದು ಮಾತು. ಏರ್‌ಬಸ್ 320ರಲ್ಲಿ ಕೂತಾಗ ಕೆಳಗಿನಿಂದ ನಾಯಿ ಬೊಗಳಿದ ಹಾಗೆ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಅದು ಪವರ್ ಟ್ರಾನ್ಸ್‌ಫರ್ ಯೂನಿಟ್ ಎಂಬ ಹೈಡ್ರಾಲಿಕ್ ಯಂತ್ರದ್ದು.

ಹಾಗಾದರೆ ಅಪಾಯ ಇರುವುದು ಎಲ್ಲಿ?

ನೆಲದ ಮೇಲೆ. ಮೇಲೆ ಹಾರಿದ ಮೇಲೆ ಕೋಣೆ ತಂಪಾಗಿರುತ್ತದೆ, ಕತ್ತಲಾಗಿರುತ್ತದೆ, ಹೆಚ್ಚಿನ ನಾಯಿಗಳು ಮಲಗುತ್ತವೆ. ಕಾರ್ಗೋ ಕಟ್ಟಡದಿಂದ ವಿಮಾನದ ಬಾಗಿಲಿನವರೆಗಿನ ದಾರಿ, ವಿಮಾನ ತಡವಾದರೆ ಬಿಸಿಲಿನಲ್ಲಿ ಕಾಯುವ ಹೊತ್ತು, ಇಳಿದ ಮೇಲೆ ಗಲ್ಫಿನ ಕಾದ ರನ್‌ವೇ, ಇವೇ ಕಷ್ಟದ ಜಾಗಗಳು.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ಪಸೆ ಆರಿಸಿ ತಂಪಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಗಾಳಿಯೇ ಒದ್ದೆ, ಪಸೆ ಆರುವುದು ಹೇಗೆ? ಅಮೆರಿಕದ ಪ್ರಾಣಿ ಸಾಗಾಟದ ನಿಯಮದಲ್ಲಿ ಒಂದು ಲೆಕ್ಕ ಇದೆ: ವಿಮಾನಕ್ಕೆ ಏರಿಸುವಾಗ, ಇಳಿಸುವಾಗ 29.5 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ 45 ನಿಮಿಷಕ್ಕಿಂತ ಹೆಚ್ಚು ಇಡಬಾರದು. ಏಪ್ರಿಲ್‌ನಲ್ಲಿ ಕುಂಬಳೆಯಲ್ಲಿ ಬೆಳಗಿನ ತಿಂಡಿ ಮುಗಿಯುವಾಗಲೇ ಆ ಡಿಗ್ರಿ ದಾಟಿರುತ್ತದೆ.

ಆದ್ದರಿಂದ ಮಾರ್ಚ್‌ನಿಂದ ಮೇವರೆಗೆ ಬೇಡ. ಹೋಗಲೇಬೇಕಾದರೆ ರಾತ್ರಿ ಹೊರಟು ಬೆಳಗ್ಗೆ ಮುಟ್ಟುವ ವಿಮಾನ ನೋಡಿ. ಗಲ್ಫಿಗಾದರೆ ಜೂನ್‌ನಿಂದ ಸೆಪ್ಟೆಂಬರ್ ಕೂಡ ಕಷ್ಟವೇ. ಇಲ್ಲಿ ಮಳೆ ಸುರಿಯುತ್ತಿದ್ದರೂ ಅಲ್ಲಿ ಬೆಂಕಿ.

ಗೂಡು ಎಷ್ಟು ದೊಡ್ಡದಿರಬೇಕು?

ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟ ಅಯಾಟಾ, ಜೀವಂತ ಪ್ರಾಣಿಗಳ ಸಾಗಾಟಕ್ಕೆ ನಿಯಮ ಮಾಡಿದೆ. ನಾಯಿ, ಬೆಕ್ಕಿನ ಅಳತೆ ಬಹಳ ಸರಳ, ನಾಲ್ಕೇ ನಾಲ್ಕು:

ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಉದ್ದ. ನೆಲದಿಂದ ಮುಂಗಾಲಿನ ಮೊಣಕೈವರೆಗೆ ಎತ್ತರ. ಹೆಗಲಿನ ಅಗಲ. ನಿಂತಾಗ ನೆಲದಿಂದ ತಲೆಯ ಅಥವಾ ಕಿವಿಯ ತುದಿಯವರೆಗೆ, ಯಾವುದು ಮೇಲಿದೆಯೋ ಅದು.

ಮೈಯ ಉದ್ದಕ್ಕೆ ಮೊಣಕೈ ಎತ್ತರದ ಅರ್ಧ ಸೇರಿಸಿದರೆ ಗೂಡಿನ ಉದ್ದ. ಹೆಗಲಿನ ಅಗಲದ ಎರಡರಷ್ಟು ಗೂಡಿನ ಅಗಲ. ನಿಂತ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಗೂಡಿನ ಎತ್ತರ. ಎಲ್ಲ ಒಳಗಿನ ಅಳತೆ. ನಮ್ಮ ಅಂಗಳದ ಸಾಮಾನ್ಯ ನಾಯಿ ಅಂತ ಇಟ್ಟುಕೊಳ್ಳಿ: ಉದ್ದ 70 ಸೆಂಟಿಮೀಟರ್, ಮೊಣಕೈ 30, ಹೆಗಲು 20, ಕಿವಿಯವರೆಗೆ 60. ಆಗ ಗೂಡಿನ ಒಳಗೆ ಉದ್ದ 85, ಅಗಲ 40, ಎತ್ತರ ಹಾಸಿಗೆ ಸೇರಿ 64ರ ಹತ್ತಿರ ಬೇಕು. ಇದಕ್ಕಿಂತ ಕಡಿಮೆ ಆಗಬಾರದು. ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ.

ಅಳೆಯುವಾಗ ನಾಯಿಯನ್ನು ಜಗಲಿಯ ಗೋಡೆಗೆ ತಾಗಿಸಿ ನಿಲ್ಲಿಸಿ. ಕಿವಿಯ ಹತ್ತಿರ ಪೆನ್ಸಿಲ್ ಗೆರೆ ಹಾಕಿ, ಮತ್ತೆ ಟೇಪ್ ಹಿಡಿಯಿರಿ. ಟೇಪನ್ನೇ ಹಿಡಿದು ಹತ್ತಿರ ಹೋದರೆ ಅದು ಕೂತುಬಿಡುತ್ತದೆ, ಇಲ್ಲವೇ ಟೇಪನ್ನು ಕಚ್ಚುತ್ತದೆ. ಕಿವಿ ನಿಮಿರಿಸಿದಾಗಿನ ಅಳತೆ ಬೇಕು. ಒಬ್ಬರು ಅಡುಗೆಮನೆಯಲ್ಲಿ ತಟ್ಟೆ ಸದ್ದು ಮಾಡಿದರೆ ಆ ಕೆಲಸ ತಾನಾಗಿ ಆಗುತ್ತದೆ.

ಗಾಳಿಯ ಕಿಂಡಿಗಳು ನಾಲ್ಕೂ ಬದಿ ಇರಬೇಕು. ನಾಲ್ಕು ಬದಿಯ ಒಟ್ಟು ವಿಸ್ತೀರ್ಣದಲ್ಲಿ 16 ಶೇಕಡಾ ಆದರೂ ತೆರೆದಿರಬೇಕು. ಕಿಂಡಿಯಲ್ಲಿ ಮೂಗು, ಪಂಜ ಹೊರಗೆ ಬರಬಾರದು. ಹೊರಬದಿಗೆ ಒಂದು ಪಟ್ಟಿ ಅಥವಾ ಹಿಡಿ ಇರಬೇಕು. ಅದು ಎತ್ತುವುದಕ್ಕೆ ಮಾತ್ರ ಅಲ್ಲ, ಪಕ್ಕದಲ್ಲಿ ಪೆಟ್ಟಿಗೆ ಒತ್ತಿ ಇಟ್ಟಾಗ ಕಿಂಡಿ ಮುಚ್ಚದಿರಲಿ ಅಂತ. ಚಕ್ರ ಇದ್ದರೆ ಕಳಚಿ. ಬರೀ ತಂತಿಯ ಮಡಚುವ ಪಂಜರ ನಡೆಯುವುದಿಲ್ಲ.

ದೊಡ್ಡ ಗೂಡು ಅಂದರೆ ದುಡ್ಡೂ ಜಾಸ್ತಿ ಅಲ್ವಾ?

ಹೌದು, ಎಲ್ಲ ಗಲಾಟೆಯೂ ಇಲ್ಲೇ. ಕಾರ್ಗೋದಲ್ಲಿ ತೂಕ ಮಾತ್ರ ನೋಡುವುದಿಲ್ಲ, ಜಾಗವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ದೊಡ್ಡದಾದರೆ ಅದಕ್ಕೇ ಹಣ. ಹೊರಗೆ 91, 63, 68 ಸೆಂಟಿಮೀಟರ್ ಇರುವ ಗೂಡಿಗೆ 65 ಕಿಲೋ ಲೆಕ್ಕ ಬರುತ್ತದೆ. ನಾಯಿ, ಗೂಡು ಸೇರಿ 35 ಕಿಲೋ ಇದ್ದರೂ ಅಷ್ಟೇ.

ಇದನ್ನು ಕೇಳಿದ ಕೂಡಲೇ ಒಂದು ಸೈಜ್ ಸಣ್ಣದು ಸಾಕು ಅನ್ನಿಸುತ್ತದೆ. ಬೇಡ. ಗೂಡಿನೊಳಗೆ ತಲೆ ತಗ್ಗಿಸಿ ನಿಂತ ನಾಯಿಯನ್ನು ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ. ಬೆಂಗಳೂರಿನಿಂದ ನಾಯಿ ಸಮೇತ ವಾಪಸ್ ಬರುವ ಖರ್ಚನ್ನು ಲೆಕ್ಕ ಹಾಕಿ ನೋಡಿ.

ನಮ್ಮ ಊರಿನ ಆಚಾರಿಯಿಂದ ಮಾಡಿಸಬಹುದಾ?

ಮಾಡಿಸಬಹುದು. ದೊಡ್ಡ ಜಾತಿಯ ನಾಯಿಗೆ ಅಂಗಡಿಯ ಗೂಡು ಸಿಗದೇ ಇದ್ದಾಗ ಅದೇ ದಾರಿ. ಆದರೆ ಮನೆಯಲ್ಲಿ ಉಳಿದ ಹಲಸಿನ ಹಲಗೆ, ಮಾವಿನ ರೀಪು ಹೊಡೆಸಬೇಡಿ. ಅಂತರರಾಷ್ಟ್ರೀಯ ಸಾಗಾಟಕ್ಕೆ ಬಳಸುವ ಮರಕ್ಕೆ ಐಎಸ್‌ಪಿಎಂ 15 ಎಂಬ ನಿಯಮ ಇದೆ. ಮರದ ನಡುಭಾಗ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯ್ದಿರಬೇಕು, ಅದಕ್ಕೆ ಮುದ್ರೆ ಇರಬೇಕು. ಮರದೊಳಗಿನ ಹುಳ ಬೇರೆ ದೇಶಕ್ಕೆ ಹೋಗದಿರಲಿ ಅಂತ. ಪ್ಲೈವುಡ್‌ಗೆ ಈ ನಿಯಮ ಇಲ್ಲ, ಅಂಟು ಹಾಕಿ ಬಿಸಿಯಲ್ಲಿ ಒತ್ತಿ ಮಾಡಿದ್ದು ಅದು. ಹಾಗಾಗಿ ಹಲಗೆ ಪ್ಲೈವುಡ್, ಚೌಕಟ್ಟು ಅಲ್ಯೂಮಿನಿಯಂ ಅಥವಾ ಮುದ್ರೆ ಇರುವ ಮರ.

ತೂಕದ ಕಡೆ ಗಮನ ಇರಲಿ. 12 ಮಿಲಿಮೀಟರ್ ಪ್ಲೈವುಡ್ ಒಂದು ಚದರ ಮೀಟರಿಗೆ ಏಳೆಂಟು ಕಿಲೋ ಬರುತ್ತದೆ. ಮೇಲೆ ಹೇಳಿದ 65 ಕಿಲೋ ಲೆಕ್ಕದ ಗೂಡಿಗೆ ಮೂರು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಹಲಗೆ ಬೇಕು, ಅಂದರೆ ಗೂಡೇ 24 ಕಿಲೋ. ಜಾಗದ ಲೆಕ್ಕ ಆದ್ದರಿಂದ ನಿಮ್ಮ ಬಿಲ್ ಬದಲಾಗಲಿಕ್ಕಿಲ್ಲ. ಆದರೆ ಅದನ್ನು ಎತ್ತುವವರು ಮನುಷ್ಯರು, ಸುಡುವುದು ಇಂಧನ. ಭಾರದ ಗೂಡನ್ನು ನಾಜೂಕಾಗಿ ಇಳಿಸುವುದೂ ಕಷ್ಟ.

ಒಳಗೆ ಮೊಳೆಯ ತುದಿ, ಸೀಳಿದ ಅಂಚು ಇರಬಾರದು. ಆಚಾರಿ "ಆಯಿತು" ಅಂದ ಮೇಲೆ ನೀವೇ ಕೈ ಒಳಗೆ ಹಾಕಿ ಮೂಲೆ ಮೂಲೆ ಸವರಿ. ಕೈಗೆ ತಾಗಿದ್ದು ನಾಯಿಯ ಪಂಜಕ್ಕೂ ತಾಗುತ್ತದೆ.

ಪ್ಲಾಸ್ಟಿಕ್ ಗೂಡು ಪರಿಸರಕ್ಕೆ ಒಳ್ಳೆಯದಲ್ಲ ಅನ್ನುತ್ತಾರಲ್ಲ?

ಒಂದೇ ಸಲ ಬಳಸಿ ಅಟ್ಟಕ್ಕೆ ಹಾಕಿದರೆ ಒಳ್ಳೆಯದಲ್ಲ. ಹತ್ತು ಮನೆ ಸುತ್ತಿದರೆ ಮರದ್ದಕ್ಕಿಂತ ಅದೇ ವಾಸಿ. ಹಗುರ, ತೊಳೆಯಲು ಸುಲಭ, ಮೂತ್ರ ಹೀರುವುದಿಲ್ಲ, ಎರಡು ಭಾಗ ಮಾಡಿ ಒಂದರೊಳಗೊಂದು ಇಡಬಹುದು. ಗಲ್ಫಿನಿಂದ ವಾಪಸ್ ಬಂದವರ ಮನೆಯಲ್ಲಿ ಇಂಥವು ಸುಮ್ನೆ ಬಿದ್ದಿರುತ್ತವೆ, ಕೇಳಿ ನೋಡಿ.

ಹಳೇ ಗೂಡು ತರುವಾಗ ಒಂದು ಪರೀಕ್ಷೆ ಮಾಡಿ. ಅಂಚನ್ನು ಹೆಬ್ಬೆರಳಿನಿಂದ ಒತ್ತಿ. ತಾರಸಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದ ಪ್ಲಾಸ್ಟಿಕ್ ಒತ್ತಿದಲ್ಲಿ ಬಿಳಿ ಗೆರೆ ಬಿಡುತ್ತದೆ, ಕೆಲವು ಸಲ ಚಟ್ ಅನ್ನುತ್ತದೆ. ಅದನ್ನು ಬಿಟ್ಟುಬಿಡಿ. ಬಾಗಿಲು ಲೋಹದ್ದಿರಬೇಕು. ಮೇಲಿನ, ಕೆಳಗಿನ ಭಾಗ ಸೇರಿಸಲು ಪ್ಲಾಸ್ಟಿಕ್ ಕ್ಲಿಪ್ ಸಾಲದು, ಲೋಹದ ಬೋಲ್ಟ್, ನಟ್ ಬೇಕು. ಬೋಲ್ಟ್ ಕಳೆದಿದ್ದರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಒಳಗೆ ಏನು ಹಾಸಬೇಕು? ತೆಂಗಿನ ನಾರು, ಅಡಿಕೆ ಹಾಳೆ, ಬೈಹುಲ್ಲು ಆಗುತ್ತದಾ?

ತೆಂಗು, ಅಡಿಕೆಯ ಸಂಶೋಧನೆ ಮಾಡುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇರುವ ಊರಿನವರು ನಾವು, ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ತೆಂಗಿನ ನಾರಿನ ಪುಡಿ ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಗೂಡಿನ ಕೆಳಗೆ ನಾರಿನ ಚಾಪೆ ಹಾಕಿ, ತಂಪಾಗಿರುತ್ತದೆ.

ವಿಮಾನಕ್ಕೆ ಬೇಡ. ಬೈಹುಲ್ಲು, ಹಸಿ ನಾರು, ಹಾಳೆ, ಮರದ ಪುಡಿ ಎಲ್ಲ ಗಿಡದ ಭಾಗ. ಇಳಿಯುವ ದೇಶದ ತಪಾಸಣೆಯವರು ಹುಳ, ಬೀಜ, ಬೂಷ್ಟಿನ ಹೆದರಿಕೆಗೆ ಅದನ್ನು ಕಿತ್ತು ಹಾಕಬಹುದು. ಆಗ ನಾಯಿ ಬರೀ ಪ್ಲಾಸ್ಟಿಕ್ ಮೇಲೆ ಮಲಗಬೇಕು.

ಒಳ್ಳೆಯ ಹಾಸಿಗೆ ಹಳೇ ಹತ್ತಿ ಬಟ್ಟೆಯದು. ಕೆಳಗೆ ಮೂರು ನಾಲ್ಕು ಪದರ ಮಡಚಿದ ಹಳೇ ಮುಂಡು, ಮೇಲೆ ದಪ್ಪ ಟರ್ಕಿ ಟವೆಲ್, ನಾಲ್ಕೂ ಅಂಚು ಹೊಲಿದು ಒಂದೇ ತುಂಡು ಮಾಡಿ. ಬಿಡಿ ಬಟ್ಟೆ ಆದರೆ ನಾಯಿ ಕೆರೆದು ಒಂದು ಮೂಲೆಗೆ ಗುಡ್ಡೆ ಹಾಕುತ್ತದೆ. ಕಡೆಯ ಒಂದು ವಾರ ಅದನ್ನು ಸೋಪಿನಲ್ಲಿ ತೊಳೆಯಬೇಡಿ, ಮನೆಯ ವಾಸನೆ ಇರಲಿ. ಅಂಗಡಿಯ ಡಯಾಪರ್ ಪ್ಯಾಡ್ ಹೀರುವುದೇನೋ ಚೆನ್ನಾಗಿ ಹೀರುತ್ತದೆ, ಆದರೆ ಬಳಸಿ ಎಸೆಯುವುದು. ಕಚ್ಚಿ ಹರಿಯುವ ನಾಯಿ ಅದರೊಳಗಿನ ಜೆಲ್ಲನ್ನೂ ತಿನ್ನುತ್ತದೆ.

ಊಟ, ನೀರು?

ಹೊರಡುವ ನಾಲ್ಕೈದು ಗಂಟೆ ಮೊದಲು ಹಗುರ ಊಟ. ಗಂಜಿ, ಸ್ವಲ್ಪ ಕೋಳಿ, ಸಾಕು. ಹೋಗುತ್ತದೆ ಪಾಪ ಅಂತ ಆ ದಿನ ಮೀನು, ಮಾಂಸ ಬಡಿಸಿ ಹೊಟ್ಟೆ ಕೆಡಿಸಬೇಡಿ. ನೀರು ಮಾತ್ರ ಕಡೆಯವರೆಗೂ ಕೊಡಿ.

ಬಾಗಿಲಿಗೆ ಎರಡು ಬಟ್ಟಲು ಕಟ್ಟಿ, ಹೊರಗಿನಿಂದಲೇ ತುಂಬಿಸುವ ಹಾಗಿರಬೇಕು. ಒಂದರಲ್ಲಿ ಹಿಂದಿನ ರಾತ್ರಿ ನೀರು ಹಾಕಿ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ. ಗೂಡು ಎತ್ತಿ ಕುಲುಕಿಸುವಾಗ ಚೆಲ್ಲುವುದಿಲ್ಲ, ಮೆಲ್ಲಮೆಲ್ಲ ಕರಗುತ್ತದೆ, ನೆಕ್ಕುತ್ತಾ ಇರುತ್ತದೆ.

ನಿದ್ದೆ ಮಾತ್ರೆ ಕೊಟ್ಟರೆ ಸುಲಭ ಅಲ್ವಾ?

ಬೇಡ. ಅಮಲು ಬರಿಸುವ ಮಾತ್ರೆ ರಕ್ತದ ಒತ್ತಡ ಇಳಿಸುತ್ತದೆ, ಮೈ ಬಿಸಿಯನ್ನು ಹತೋಟಿಯಲ್ಲಿಡುವ ಶಕ್ತಿ ಕುಂದಿಸುತ್ತದೆ, ಗೂಡು ಓಲಾಡಿದಾಗ ಸರಿಯಾಗಿ ನಿಲ್ಲಲೂ ಆಗುವುದಿಲ್ಲ. ಅಮಲಿನಲ್ಲಿರುವ ಪ್ರಾಣಿಯನ್ನು ಹೆಚ್ಚಿನ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೂ ಇಲ್ಲ.

ಹಾಗಾದರೆ ಅಷ್ಟು ಹೊತ್ತು ಸುಮ್ಮನಿರುವುದು ಹೇಗೆ?

ಅಭ್ಯಾಸದಿಂದ. ಗೂಡನ್ನು ಎರಡು ತಿಂಗಳು ಮೊದಲೇ ತನ್ನಿ. ಮೊದಲು ಬಾಗಿಲು ಕಳಚಿ ಜಗಲಿಯಲ್ಲಿ ಇಡಿ, ಯಾರೂ ಒಳಗೆ ದೂಡಬೇಡಿ. ಊಟದ ತಟ್ಟೆಯನ್ನು ದಿನಾ ಸ್ವಲ್ಪ ಸ್ವಲ್ಪ ಒಳಗೆ ಸರಿಸಿ. ಮಧ್ಯಾಹ್ನದ ನಿದ್ದೆಗೆ ತಾನೇ ಒಳಗೆ ಹೋಗಲು ಶುರು ಮಾಡಿದ ಮೇಲೆ ಬಾಗಿಲು ಹಾಕಿ, ಐದು ನಿಮಿಷಕ್ಕೆ ತೆರೆಯಿರಿ. ಮತ್ತೆ ಅರ್ಧ ಗಂಟೆ, ಆಮೇಲೆ ಇಡೀ ರಾತ್ರಿ. ಅಳುವಾಗ ತೆರೆಯಬೇಡಿ, ಅತ್ತರೆ ಬಾಗಿಲು ತೆರೆಯುತ್ತದೆ ಅಂತ ಕಲಿತುಬಿಡುತ್ತದೆ.

ಆಮೇಲೆ ಗೂಡನ್ನು ಜೀಪಿಗೋ ಪಿಕಪ್ಪಿಗೋ ಏರಿಸಿ ಒಂದು ಸುತ್ತು ಹೋಗಿ ಬನ್ನಿ. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋದರೆ ತಿರುವು, ಬ್ರೇಕು, ಹಾರ್ನು ಎಲ್ಲದರ ಪರಿಚಯ ಆಗುತ್ತದೆ. ಕುಂಬಳೆ ಜಾತ್ರೆಯ ಬೆಡಿಯ (ಸಿಡಿಮದ್ದಿನ) ಸದ್ದಿಗೆ ಮಂಚದಡಿ ಸೇರಿ ಮರುದಿನದವರೆಗೆ ಹೊರಗೆ ಬಾರದ ನಾಯಿಯಾದರೆ ಅದಕ್ಕೆ ಇನ್ನೂ ಜಾಸ್ತಿ ದಿನ ಬೇಕು. ಮಿಕ್ಸಿ, ಪಂಪ್‌ಸೆಟ್ ಸದ್ದಿನ ಹತ್ತಿರ ಗೂಡು ಇಟ್ಟು ಊಟ ಕೊಡಿ, ಮೊದಲು ದೂರದಿಂದ.

ನನ್ನ ಪ್ರಕಾರ ಈ ಎರಡು ತಿಂಗಳೇ ನಿಜವಾದ ಸೌಕರ್ಯ. ದುಬಾರಿ ಜೆಲ್ ಹಾಸಿಗೆ, ಬ್ಯಾಟರಿ ಫ್ಯಾನ್ ಎಲ್ಲ ಮಾರುವವರ ಸಮಾಧಾನಕ್ಕೆ. ಬ್ಯಾಟರಿ ಇದ್ದರೆ ಕೌಂಟರಿನಲ್ಲಿ ಇನ್ನೊಂದು ತಕರಾರು ಬೇರೆ.

ನಮ್ಮದು ಪಗ್. ಒಯ್ಯಬಹುದಾ?

ಹಚ್ ಮೊಬೈಲ್ ಜಾಹೀರಾತು ಬಂದ ಮೇಲೆ ನಮ್ಮಲ್ಲೂ ಪಗ್ ತುಂಬಿತು. ಪಗ್, ಬುಲ್‌ಡಾಗ್, ಶಿಹ್ ಟ್ಸು, ಬಾಕ್ಸರ್, ಪರ್ಶಿಯನ್ ಬೆಕ್ಕು, ಇವುಗಳ ಮೂಗು ಮೊಂಡು, ಉಸಿರಿನ ದಾರಿ ಇಕ್ಕಟ್ಟು. ಏದುಸಿರು ಬಿಟ್ಟು ತಂಪಾಗುವುದೂ ಕಷ್ಟ. ಹಲವು ಸಂಸ್ಥೆಗಳು ಇವನ್ನು ಸರಕಿನ ಕೋಣೆಯಲ್ಲಿ ಒಯ್ಯುವುದೇ ಇಲ್ಲ. ಒಯ್ಯುವವರೂ ಗೂಡು 10 ಶೇಕಡಾ ದೊಡ್ಡದಿರಲಿ ಅನ್ನುತ್ತಾರೆ. ಸೀಟಿನ ಕೆಳಗೆ ಇಡಲು ಬಿಡುವ ವಿಮಾನ ಸಿಕ್ಕಿದರೆ ಮಾತ್ರ ಯೋಚಿಸಿ. ಬ್ರಿಟನ್‌ಗೆ, ದುಬೈಗೆ ಆ ದಾರಿಯೂ ಇಲ್ಲ. ಅಲ್ಲಿಗೆ ಸಾಕುಪ್ರಾಣಿ ಕಾರ್ಗೋ ಆಗಿಯೇ ಬರಬೇಕು.

ಬೆಕ್ಕಿಗೆ ಬೇರೆ ಏನಾದರೂ ಬೇಕಾ?

ಅಡಗುವ ಜಾಗ ಬೇಕು. ಗೂಡಿನ ಹಿಂಬದಿಯ ಕಿಂಡಿಗೆ ತೆಳ್ಳನೆ ಹತ್ತಿ ಬಟ್ಟೆ ಅರ್ಧ ಇಳಿಬಿಡಿ, ಗಾಳಿ ಆಡುತ್ತಿರಲಿ. ಬೆಕ್ಕು ಗಂಟೆಗಟ್ಟಲೆ ಮೂತ್ರ ಹಿಡಿದಿಟ್ಟುಕೊಳ್ಳುತ್ತದೆ, ಮಣ್ಣಿನ ತಟ್ಟೆ ಇಟ್ಟರೆ ಚೆಲ್ಲುವುದೇ ಜಾಸ್ತಿ.

ಎರಡು ಮರಿಗಳನ್ನು ಒಂದೇ ಗೂಡಿನಲ್ಲಿ ಹಾಕಬಹುದಾ?

ಒಂದೇ ಸೂಲಿನ, ಆರು ತಿಂಗಳ ಒಳಗಿನ ಮೂರು ಮರಿಗಳವರೆಗೆ ಅಯಾಟಾ ನಿಯಮ ಬಿಡುತ್ತದೆ. ಜೊತೆಗೇ ಬೆಳೆದ ಎರಡು ದೊಡ್ಡ ಪ್ರಾಣಿಗಳಾದರೆ ತಲಾ 14 ಕಿಲೋ ದಾಟಬಾರದು. ಮನೆಯಲ್ಲಿ ಒಂದೇ ತಟ್ಟೆಯಲ್ಲಿ ತಿನ್ನುವವೂ ಹೆದರಿದಾಗ ಕಚ್ಚಾಡುತ್ತವೆ. ಬೇರೆ ಬೇರೆ ಗೂಡೇ ಒಳ್ಳೆಯದು.

ಗಿಳಿ?

ನಮ್ಮ ಊರಿನ ಗಿಳಿಯನ್ನು ಮನೆಯಲ್ಲಿ ಸಾಕುವುದೇ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಒಯ್ಯುವ ಮಾತೇ ಇಲ್ಲ.

ಬಜಪೆ (ಮಂಗಳೂರು ವಿಮಾನ ನಿಲ್ದಾಣ) ಅಥವಾ ಕಣ್ಣೂರಿನಿಂದ ಹೋಗಬಹುದಾ?

ಮನುಷ್ಯರಿಗೆ ಹತ್ತಿರ, ನಾಯಿಗೆ ಅಲ್ಲ. ವಿದೇಶಕ್ಕೆ ಹೋಗುವ ಪ್ರಾಣಿಗೆ ಕೇಂದ್ರ ಸರಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಆರೋಗ್ಯ ಪತ್ರ ಬೇಕು. ನಮಗೆ ಅನುಕೂಲದ ಕಚೇರಿ ಬೆಂಗಳೂರಿನದು. ಹೊರದೇಶದಿಂದ ಸಾಕುಪ್ರಾಣಿ ತರಲು ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್‌ಗೆ ಅನುಮತಿ ಇತ್ತು, 2024ರಲ್ಲಿ ಕೊಚ್ಚಿಯೂ ಸೇರಿತು. ವಾಪಸ್ ಬರುವವರಿಗೆ ಇದು ಉಪಕಾರ.

ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವುದಾದರೆ ಹಿಂದಿನ ರಾತ್ರಿಯೇ ಹೊರಡಿ. ಅಲ್ಲಿ ಒಂದು ದಿನ ಇದ್ದು, ತಿರುಗಾಡಿಸಿ, ಆಮೇಲೆ ವಿಮಾನ. ಘಾಟಿ ಹತ್ತಿದ ಸುಸ್ತಿನಲ್ಲೇ ಗೂಡಿಗೆ ಹಾಕಿದರೆ ಅದು ಹದಿನೆಂಟು ಗಂಟೆ ನರಳುತ್ತದೆ.

ಕಾಗದಪತ್ರಕ್ಕೆ ಎಷ್ಟು ಸಮಯ ಬೇಕು?

ಬ್ರಿಟನ್, ಯುರೋಪಿಗೆ ಆರು ತಿಂಗಳು ಅಂತ ಇಟ್ಟುಕೊಳ್ಳಿ. ಮೊದಲು 15 ಅಂಕಿಯ ಮೈಕ್ರೋಚಿಪ್, ಆಮೇಲೆ ಹುಚ್ಚುನಾಯಿ ರೋಗದ ಲಸಿಕೆ. ಈ ಕ್ರಮ ತಪ್ಪಬಾರದು, ಚಿಪ್ ಹಾಕುವ ಮೊದಲಿನ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆ ಆಗಿ 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ, ಅದರಲ್ಲಿ ಪ್ರತಿಕಾಯ ಒಂದು ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಹೆಚ್ಚು ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಯುಎಇಗೆ ಮೊದಲೇ ಆಮದು ಪರವಾನಗಿ ತೆಗೆಯಬೇಕು. ಅಮೆರಿಕದಲ್ಲಿ 2024ರ ಆಗಸ್ಟ್ 1ರಿಂದ ನಿಯಮ ಬಿಗಿಯಾಗಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು. ಇಲ್ಲಿ ಲಸಿಕೆ ಹಾಕಿಸಿದ ನಾಯಿಗೆ ಒಪ್ಪಿಗೆಯಾಗುವ ರಕ್ತ ಪರೀಕ್ಷೆ ಇಲ್ಲದಿದ್ದರೆ 28 ದಿನ ಕ್ವಾರಂಟೈನ್. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರ ದಾರಿಯೇ ಇಲ್ಲ.

ನಮ್ಮ ಪಂಚಾಯತ್ ಲೈಸೆನ್ಸ್, ಮೃಗಾಸ್ಪತ್ರೆಯ ಲಸಿಕೆ ಕಾರ್ಡು, ಪಾಸ್‌ಪೋರ್ಟ್, ಮೂರರಲ್ಲೂ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ. ಕಾಸರಗೋಡಿನಲ್ಲಿ ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗಿ ಬರುವಾಗ ಒಂದೆರಡು ಅಕ್ಷರ ಜಾಸ್ತಿಯಾಗುವುದು ಇದ್ದದ್ದೇ.

ನೇರ ವಿಮಾನ ಒಳ್ಳೆಯದಾ, ನಡುವೆ ಇಳಿಸುವುದು ಒಳ್ಳೆಯದಾ?

ಎಂಟು ಹತ್ತು ಗಂಟೆಯ ಪ್ರಯಾಣಕ್ಕೆ ನೇರವೇ ಸರಿ. ಏರಿಳಿತ ಕಡಿಮೆ, ಬಿಸಿಲಿನಲ್ಲಿ ಕಾಯುವುದು ಕಡಿಮೆ, ಇಂಧನವೂ ಕಡಿಮೆ. ಅಮೆರಿಕದಷ್ಟು ದೂರಕ್ಕೆ ನಡುವೆ ಒಳ್ಳೆಯ ಪ್ರಾಣಿ ನಿಲ್ದಾಣ ಇದ್ದರೆ ಲಾಭ. ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾ ಕಾರ್ಗೋದವರ ಅನಿಮಲ್ ಲೌಂಜ್ 2008ರಿಂದ ಇದೆ. ಅಲ್ಲಿ ಪ್ರಾಣಿಯನ್ನು ಹೊರಗೆ ತೆಗೆದು ನೀರು ಕೊಟ್ಟು ಗೂಡು ಶುಚಿ ಮಾಡುವವರು ಇರುತ್ತಾರೆ. ಅಂಥ ಸೌಕರ್ಯ ಇಲ್ಲದ ಕಡೆ ಬರೀ ವಿಮಾನ ಬದಲಾಯಿಸುವ ಮೂರು ಗಂಟೆಯ ನಿಲುಗಡೆ ಯಾರಿಗೂ ಉಪಯೋಗ ಇಲ್ಲ.

ಒಂದು ವರ್ಷದ ಕೆಲಸಕ್ಕೆ ಹೋಗುವುದು. ನಾಯಿಗೆ ಹನ್ನೊಂದು ವರ್ಷ. ಒಯ್ಯಲಾ?

ಒಯ್ಯಬೇಡಿ. ತಂದೆತಾಯಿ ಮನೆಯಲ್ಲಿದ್ದರೆ, ತೋಟದ ಕೆಲಸದವರು ಅದಕ್ಕೆ ಪರಿಚಯ ಇದ್ದರೆ ಅಲ್ಲೇ ಬಿಡಿ. ಹೋಗಿ ಬರುವ ಎರಡು ದೂರದ ಪ್ರಯಾಣ ಮುದಿ ನಾಯಿಗೆ ಭಾರ. ಪರಿಸರದ ಲೆಕ್ಕದಲ್ಲೂ ಅಷ್ಟೇ: ಹಾಸಿಗೆ ಹತ್ತಿಯದಾ, ಗೂಡು ಹಳೆಯದಾ ಎಂಬುದಕ್ಕಿಂತ ಹಾರದೇ ಇದ್ದ ಒಂದು ಪ್ರಯಾಣದಿಂದ ಉಳಿಯುವುದು ಜಾಸ್ತಿ. ಮೂರು ನಾಲ್ಕು ವರ್ಷಕ್ಕೆ ಹೋಗುವವರ ಮಾತು ಬೇರೆ, ಮನೆಯಲ್ಲಿ ನೋಡುವವರು ಯಾರೂ ಇಲ್ಲದವರ ಮಾತು ಇನ್ನೂ ಬೇರೆ.

ಮುಟ್ಟಿದ ಮೇಲೆ ಏನು ಮಾಡಬೇಕು?

ಮೊದಲು ನೀರು, ಆಮೇಲೆ ಕಾಲಾಡಿಸುವುದು, ಊಟ ಒಂದೆರಡು ಗಂಟೆ ಬಿಟ್ಟು. ವಿಮಾನ ನಿಲ್ದಾಣದ ಹೊರಗೆ ಗೂಡು ತೆರೆಯುವಾಗ ಒಬ್ಬರು ಬಾಗಿಲಿಗೆ ಅಡ್ಡ ಕೂತಿರಬೇಕು. ಬಾಗಿಲು ಅರ್ಧ ತೆರೆದು, ಕೈ ಒಳಗೆ ಹಾಕಿ ಬೆಲ್ಟಿಗೆ ಹಗ್ಗ ಸಿಕ್ಕಿಸಿದ ಮೇಲೆಯೇ ಪೂರ್ತಿ ತೆರೆಯಿರಿ. ಹೆದರಿದ ನಾಯಿ ಕಾರ್ ಪಾರ್ಕಿಂಗಿನಲ್ಲಿ ಓಡಿದರೆ ಹೊಸ ಊರಿನಲ್ಲಿ ಹುಡುಕುವುದು ಎಲ್ಲಿ?

ಎರಡು ದಿನ ಊಟ ಕಡಿಮೆ ತಿಂದರೆ ಚಿಂತೆ ಬೇಡ. ನೀರನ್ನೂ ಕುಡಿಯದಿದ್ದರೆ, ಕೆಮ್ಮಿದರೆ, ಒಸಡು ಬಿಳಿಚಿಕೊಂಡಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಗೂಡನ್ನು ಕೂಡಲೇ ಮಾರಬೇಡಿ, ಹೊಸ ಮನೆಯಲ್ಲಿ ಅದಕ್ಕೆ ಗೊತ್ತಿರುವ ಜಾಗ ಅದೊಂದೇ. ಒಂದು ತಿಂಗಳಾದ ಮೇಲೆ ತೊಳೆದು, ನೆರಳಿನಲ್ಲಿ ಒಣಗಿಸಿ, ಬೋಲ್ಟ್‌ಗಳನ್ನು ಚೀಲದಲ್ಲಿ ಹಾಕಿ ಬಾಗಿಲಿಗೆ ಕಟ್ಟಿಟ್ಟು, ಮುಂದೆ ಹೋಗುವವರಿಗೆ ಕೊಡಿ.